ಕಮಲಾದೇವಿ ಚಟ್ಟೋಪಾಧ್ಯಾಯರು ಮತ್ತು ಫರೀದಾಬಾದಿನ ನಿರಾಶ್ರಿತರು

ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ಕೈಮಗ್ಗದ ಸೀರೆ, ಬಣ್ಣದ ಗೊಂಬೆ, ಕರಕುಶಲ ವಸ್ತುಗಳ ಮಳಿಗೆ ಇವೇ ನೆನಪಾಗುತ್ತವೆ. ಅದು ತಪ್ಪಲ್ಲ. ಆ ಕ್ಷೇತ್ರದಲ್ಲಿ ಅವರು ಮಾಡಿದ ಸೇವೆಯನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಆದರೆ ೧೯೪೭ರ ದೇಶವಿಭಜನೆಯ ಕಾಲದಲ್ಲಿ ಮನೆಮಠಗಳನ್ನು ಕಳೆದುಕೊಂಡು ಬಂದ ಜನರ ಮೈಯನ್ನೂ ಮನಸ್ಸನ್ನೂ ಮತ್ತೆ ನೆಟ್ಟಗೆ ನಿಲ್ಲಿಸುವುದಕ್ಕಾಗಿ ಈ ಕನ್ನಡನಾಡಿನ ಹೆಣ್ಣುಮಗಳು ಪಟ್ಟ ಶ್ರಮ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲುಗಳನ್ನೂ ಪಡೆದಿಲ್ಲ. ಆ ಭಾಗವನ್ನೇ ಮುಖ್ಯವಾಗಿಟ್ಟುಕೊಂಡು ಅವರ ಜೀವನವನ್ನು ವಾಚಕರ ಮುಂದಿಡಲು ಯತ್ನಿಸುತ್ತೇನೆ.

ಕಮಲಾದೇವಿಯವರು ಹುಟ್ಟಿದ್ದು ೧೯೦೩ನೆಯ ಇಸವಿ ಏಪ್ರಿಲ್ ೩ರಂದು, ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿಯವರು ಓದುಬರಹ ಬಲ್ಲ, ಸ್ವತಂತ್ರ ಬುದ್ಧಿಯ ಹೆಂಗಸು. ಮಗುವಿಗೆ ಏಳು ವರ್ಷವಾಗಿರುವಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿರಲಿಲ್ಲವಾದ್ದರಿಂದ ಅಂದಿನ ಕಾಯಿದೆಯಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನ ಪಾಲಾಯಿತು. ಗಿರಿಜಾಬಾಯಿಯವರಿಗೆ ತಿಂಗಳಿಗಿಷ್ಟು ಎಂದು ಜೀವನಾಂಶ ಸಿಗುತ್ತಿತ್ತು. ಆಕೆ ಅದನ್ನು ಬೇಡವೆಂದು ತಳ್ಳಿ, ತವರಿನಿಂದ ತಂದ ಹಣದಲ್ಲೇ ಸಂಸಾರ ತೂಗಿಸಿದರು. ಮನೆ ಒಮ್ಮೆಗೇ ಪರರದಾಗುವುದೆಂದರೇನು, ಇನ್ನೊಬ್ಬರು ಕೊಡುವ ಕಾಸನ್ನು ನಂಬಿ ಬದುಕುವುದೆಂದರೇನು ಎಂಬುದನ್ನು ಕಮಲಾದೇವಿ ಬಾಲ್ಯದಲ್ಲೇ ಕಂಡರು. ಮುಂದೆ ನಿರಾಶ್ರಿತರ ಡೇರೆಗಳ ನಡುವೆ ನಿಂತಾಗ ಅವರಿಗೆ ತಾಯಿಯ ಆ ಹಟ ನೆನಪಾಗಿರಬೇಕೆಂದು ನನ್ನ ಊಹೆ.

ಆ ಕಾಲದ ರೂಢಿಯಂತೆ ಹದಿನಾಲ್ಕನೆಯ ವಯಸ್ಸಿಗೆ ಮದುವೆಯಾಯಿತು. ಎರಡು ವರ್ಷ ತುಂಬುವಷ್ಟರಲ್ಲಿ ಗಂಡ ತೀರಿಹೋದರು. ಬಾಲವಿಧವೆಯಾದವಳು ಮನೆಯ ಮೂಲೆ ಸೇರಬೇಕಾಗಿದ್ದ ಕಾಲವದು. ಆದರೆ ಅವರು ಮದರಾಸಿಗೆ ಹೋಗಿ ಕ್ವೀನ್ ಮೇರಿ ಕಾಲೇಜು ಸೇರಿದರು. ಅಲ್ಲಿಯ ಪರಿಚಯದಿಂದ ಕವಿಯೂ ನಟನೂ ಆದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಕೈಹಿಡಿದರು. ಹರೀಂದ್ರನಾಥರು ಸರೋಜಿನಿ ನಾಯುಡು ಅವರ ತಮ್ಮ. ಅವರ ತಂದೆ ಅಘೋರನಾಥರು ಹೈದರಾಬಾದಿನ ನಿಜಾಮ್ ಕಾಲೇಜಿಗೆ ಮುಖ್ಯರಾಗಿದ್ದವರು. ನಮ್ಮ ಸೈದಾಪುರ, ಯಾದಗಿರಿ, ಸುರಪುರಗಳೆಲ್ಲ ಆಗ ಅದೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಊರುಗಳು. ವಿಧವೆಯೊಬ್ಬಳು ಜಾತಿಯನ್ನೂ ಭಾಷೆಯನ್ನೂ ಮೀರಿ ಮರುಮದುವೆಯಾದಳೆಂದು ಬಂಧುಬಳಗದಲ್ಲಿ ದೊಡ್ಡ ಗುಲ್ಲೆದ್ದಿತು. ಈ ಮದುವೆಯೂ ಬಹುಕಾಲ ಬಾಳಲಿಲ್ಲ, ವಿಚ್ಛೇದನದಲ್ಲಿ ಮುಗಿಯಿತು. ಅದು ಹಾಗಿರಲಿ.

ದಂಪತಿಗಳು ಲಂಡನ್ನಿನಲ್ಲಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಕಿವಿಗೆ ಬಿತ್ತು. ಕಮಲಾದೇವಿ ೧೯೨೩ರಲ್ಲಿ ಸ್ವದೇಶಕ್ಕೆ ಮರಳಿ ಸೇವಾದಳ ಸೇರಿದರು. ಈ ಸೇವಾದಳದ ವಿಷಯದಲ್ಲಿ ಕನ್ನಡಿಗರು ಸ್ವಲ್ಪ ಹೆಮ್ಮೆಪಡಬಹುದು. ಅದನ್ನು ಕಟ್ಟಿದವರು ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು. ಶಿಸ್ತಿಲ್ಲದ, ಬಲವಿಲ್ಲದ ದೇಹದಿಂದ ಸ್ವರಾಜ್ಯದ ಕೆಲಸ ಸಾಗದೆಂಬುದು ಅವರ ದೃಢವಾದ ನಂಬಿಕೆ. ಆದ್ದರಿಂದ ದಳದಲ್ಲಿ ಕವಾಯತು, ಅಂಗಸಾಧನೆ, ಪ್ರಥಮ ಚಿಕಿತ್ಸೆ, ಶಿಬಿರದ ನೈರ್ಮಲ್ಯ ಇವೆಲ್ಲವೂ ಭಾಷಣಕ್ಕಿಂತ ಮುಂದಿನ ಸ್ಥಾನ ಪಡೆದಿದ್ದವು. ಮಹಿಳಾ ವಿಭಾಗದ ಹೊಣೆ ಕಮಲಾದೇವಿಯವರ ಮೇಲೆ ಬಿತ್ತು. ಹೊಸ್ತಿಲು ದಾಟಿ ಹೋಗಲು ಅಂಜುತ್ತಿದ್ದ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೆಜ್ಜೆ ಹಾಕಿಸಬೇಕು. ಬಾಗಿದ ಬೆನ್ನನ್ನು ನೇರಮಾಡಿಸಬೇಕು. ಇದು ನೋಡುವವರಿಗೆ ನಗೆಯ ವಿಷಯವಾಗಿದ್ದಿರಬಹುದು. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕಿಯರು ಶಿಬಿರದ ಕೆಲಸಕ್ಕೆ ಟೊಂಕಕಟ್ಟಿ ನಿಂತಾಗ ನಗುವವರ ಬಾಯಿ ಮುಚ್ಚಿತು. ಅಷ್ಟೊಂದು ಜನ ಒಂದೆಡೆ ಕೂಡಿದಾಗ ನೀರು, ಅಡಿಗೆ, ಕಕ್ಕಸು, ರೋಗಿಗಳ ಶುಶ್ರೂಷೆ ಇವುಗಳ ವ್ಯವಸ್ಥೆ ಹೇಗಿರಬೇಕೆಂಬ ಪಾಠವನ್ನು ಕಮಲಾದೇವಿ ಕಲಿತದ್ದು ಇಂಥ ಶಿಬಿರಗಳಲ್ಲಿಯೇ. ನಮ್ಮ ಕಾಲೇಜಿನಲ್ಲಿ ಈಗಲೂ ಆಟದ ಬಯಲಿಗೆ ಇಳಿಯುವ ಹುಡುಗಿಯರು ಬೆರಳೆಣಿಕೆಯಷ್ಟು. ನೂರು ವರ್ಷಗಳ ಹಿಂದೆ ಅವರು ಆರಂಭಿಸಿದ ಕೆಲಸ ನಮ್ಮ ಕಡೆಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ಮುಂದಿನ ಇಪ್ಪತ್ತು ವರ್ಷಗಳ ಕಥೆಯನ್ನು ಬೇಗನೆ ಹೇಳಿಬಿಡುತ್ತೇನೆ, ಅದು ಬಲ್ಲವರಿಗೆ ತಿಳಿದದ್ದೇ. ೧೯೨೬ರಲ್ಲಿ ಮದರಾಸ್ ಶಾಸನಸಭೆಗೆ ಸ್ಪರ್ಧಿಸಿ ಅತ್ಯಲ್ಪ ಮತಗಳಿಂದ ಸೋತರು. ೧೯೨೭ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಗೆ ದುಡಿದರು. ಕನ್ನಡದ ಮೂಕಿ ಚಿತ್ರ ಮೃಚ್ಛಕಟಿಕದಲ್ಲಿ ಅಭಿನಯಿಸಿದರು. ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಕಡಲದಂಡೆಯಲ್ಲಿ ಕಾಯಿದೆ ಮುರಿದು ಸೆರೆಮನೆ ಸೇರಿದರು. ಸಮಾಜವಾದಿ ಪಕ್ಷದ ಮುಂದಾಳುಗಳಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ಜಪಾನು, ಚೀನಾಗಳನ್ನು ಸುತ್ತಿಬಂದರು. ಚೀನಾದಲ್ಲಿ ೧೯೩೮ರಿಂದ ಯುದ್ಧದ ಬೆಂಕಿಗೆ ಸಿಕ್ಕು ಊರು ಬಿಟ್ಟವರನ್ನೇ ಕೂಡಿಸಿ ಕೈಗಾರಿಕಾ ಸಹಕಾರ ಸಂಘಗಳನ್ನು ನಡೆಸುತ್ತಿದ್ದರು. ಆ ದೇಶವನ್ನು ಕಣ್ಣಾರೆ ಕಂಡುಬಂದದ್ದು ಫರೀದಾಬಾದಿನ ಕೆಲಸಕ್ಕೆ ಬುನಾದಿಯಾಗಿರಲಾರದೆ?

ಸ್ವಾತಂತ್ರ್ಯ ಬಂದಿತು. ಅದರ ಬೆನ್ನಿಗೇ ಪಂಜಾಬಿನಿಂದ, ಸಿಂಧದಿಂದ, ವಾಯವ್ಯ ಗಡಿನಾಡಿನಿಂದ ಲಕ್ಷಾಂತರ ಜನರು ಕಾಲ್ನಡಿಗೆಯಲ್ಲಿ, ಎತ್ತಿನ ಗಾಡಿಯಲ್ಲಿ, ರೈಲಿನ ಛಾವಣಿಯ ಮೇಲೆ ಬಂದರು. ಇತ್ತಣಿಂದ ಅತ್ತ ಹೋದವರೂ ಲಕ್ಷಾಂತರವೇ. ಕುರುಕ್ಷೇತ್ರದ ಬಯಲಿನಲ್ಲಿ ಎದ್ದ ಡೇರೆಗಳ ಶಿಬಿರ ಒಂದು ದೊಡ್ಡ ಪಟ್ಟಣವೇ ಆಯಿತು. ಸರಕಾರವು ತನ್ನ ಶಕ್ತಿಮೀರಿ ಹಿಟ್ಟು, ಬೇಳೆ, ಕಂಬಳಿಗಳನ್ನು ಹಂಚಿತು. ಅದಿಲ್ಲದಿದ್ದರೆ ಆ ಚಳಿಗಾಲದಲ್ಲಿ ಎಷ್ಟು ಜೀವಗಳು ಹೋಗುತ್ತಿದ್ದವೋ ಹೇಳಲಾಗದು. ಆದರೆ ತಿಂಗಳುಗಳು ಕಳೆದಂತೆ ಬೇರೊಂದು ಬಗೆಯ ಕಾಯಿಲೆ ತಲೆದೋರಿತು. ಬೆಳಗಾದರೆ ಪಡಿಗಾಗಿ ಸಾಲು ನಿಲ್ಲುವುದು, ತಂದುದನ್ನು ಬೇಯಿಸಿ ತಿನ್ನುವುದು, ಡೇರೆಯ ಬಾಗಿಲಲ್ಲಿ ಕೂತು ಹೋದ ಮನೆಯನ್ನು ನೆನೆಯುವುದು. ಕೈಗೆ ಕೆಲಸವಿಲ್ಲದ ತರುಣನ ತೋಳು ಬತ್ತುತ್ತದೆ. ಮಾತಿಗೆ ಮಾತು ಬೆಳೆದು ಜಗಳವಾಗುತ್ತದೆ. ಮುದುಕರು ಊಟ ಬಿಡುತ್ತಾರೆ. ಮಕ್ಕಳು ಕೊಳಚೆಯಲ್ಲಿ ಆಡಿ ಹೊಟ್ಟೆಯ ರೋಗ ತಂದುಕೊಳ್ಳುತ್ತಾರೆ.

ಇದನ್ನು ಬರೆಯುವಾಗ ನಮ್ಮ ಮನೆಯ ಮಾತೊಂದನ್ನು ಸೇರಿಸಬೇಕೆನಿಸುತ್ತದೆ. ನಮ್ಮ ಕಡೆಯವರು ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೆ. ನಮ್ಮಪ್ಪನೂ ಗಾರೆ ಕೆಲಸಕ್ಕೆ ಹೋಗಿ ಬಂದವನು. ಕೆಲಸ ಸಿಕ್ಕ ದಿನ ರಾತ್ರಿ ಮೈಕೈ ನೋವೆಂದು ಅವನು ಹೇಳಿದ್ದಿಲ್ಲ. ಕೆಲಸ ಸಿಗದೆ ತಗಡಿನ ಶೆಡ್ಡಿನಲ್ಲಿ ಎಂಟು ದಿನ ಕೂತಾಗಲೇ ಬೆನ್ನು ಹಿಡಿಯಿತೆಂದು ನರಳುತ್ತಿದ್ದನೆಂದು ಅವ್ವ ಹೇಳುತ್ತಾಳೆ. ಗುಳೆ ಹೋಗುವವನಿಗೆ ಹಿಂದಕ್ಕೆ ಬರಲು ಒಂದು ಊರಾದರೂ ಉಂಟು. ೧೯೪೭-೪೮ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಸಂಸ್ಥಾನದ ಗಡಿ ದಾಟಿ ಹೋದ ನಮ್ಮ ಭಾಗದ ಕುಟುಂಬಗಳಿಗೂ, ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ, ಮರಳಿ ಬರಲು ಊರಿತ್ತು. ಬನ್ನು, ಕೊಹಾಟ್, ಡೇರಾ ಇಸ್ಮಾಯಿಲ್ ಖಾನ್‌ಗಳಿಂದ ಬಂದವರಿಗೆ ಅದೂ ಇರಲಿಲ್ಲ.

ಕಮಲಾದೇವಿಯವರು ಈ ಸ್ಥಿತಿಯನ್ನು ನೋಡಿ, ದಾನದ ಅನ್ನ ಬಹುದಿನ ಒಗ್ಗುವುದಿಲ್ಲವೆಂದು ನಿರ್ಧರಿಸಿದರು. ೧೯೪೮ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಸ್ಥಾಪಿಸಿದರು. ನಿರಾಶ್ರಿತರನ್ನು ಸಾಕುವುದು ಅದರ ಉದ್ದೇಶವಲ್ಲ. ಅವರೇ ಸಂಘ ಕಟ್ಟಿಕೊಂಡು, ಅವರೇ ದುಡಿದು, ಅವರೇ ಲೆಕ್ಕ ಇಟ್ಟುಕೊಂಡು ಬದುಕುವಂತೆ ಮಾಡುವುದು. ಮೊದಲ ಪ್ರಯೋಗ ನಡೆದದ್ದು ದಿಲ್ಲಿಯ ಹತ್ತಿರದ ಛತರ್‌ಪುರದಲ್ಲಿ. ಪಶ್ಚಿಮ ಪಂಜಾಬಿನಿಂದ ಬಂದ ಒಕ್ಕಲು ಮಕ್ಕಳು ಅಲ್ಲಿ ಸಹಕಾರಿ ಬೇಸಾಯಕ್ಕೆ ಇಳಿದರು. ಆ ಹೊಲಗಳು ಪಾಕಿಸ್ತಾನಕ್ಕೆ ಹೊರಟುಹೋದ ಮುಸಲ್ಮಾನ ರೈತರು ಬಿಟ್ಟವು ಎಂಬುದನ್ನು ಮರೆಯಲಾಗದು. ಒಬ್ಬ ನಿರಾಶ್ರಿತನು ಬಿಟ್ಟ ನೇಗಿಲ ಸಾಲಿನಲ್ಲಿ ಇನ್ನೊಬ್ಬ ನಿರಾಶ್ರಿತನು ನೇಗಿಲು ಹೂಡಬೇಕಾಯಿತು. ಏನೇ ಇರಲಿ, ಎತ್ತು ಹೊಲ ಬಲ್ಲ ಜನರಿಗೆ ಮತ್ತೆ ಎತ್ತು ಹೊಲ ಸಿಕ್ಕಿದ್ದರಿಂದ ಅವರು ಬೇಗ ಚೇತರಿಸಿಕೊಂಡರು.

ಫರೀದಾಬಾದಿನ ಕೆಲಸ ಇಷ್ಟು ಸುಲಭವಾಗಿರಲಿಲ್ಲ. ಅಲ್ಲಿಗೆ ಬಂದವರು ಗಡಿನಾಡಿನ ಹಿಂದೂಗಳು ಮತ್ತು ಸಿಖ್ಖರು, ಮೂವತ್ತು ಸಾವಿರಕ್ಕೂ ಹೆಚ್ಚು ಜನ. ಬಹಳ ಮಂದಿ ಅಂಗಡಿಕಾರರು, ಲೇವಾದೇವಿಯವರು. ತಕ್ಕಡಿ ಹಿಡಿದ ಕೈಗಳೇ ಹೊರತು ಗುದ್ದಲಿ ಹಿಡಿದವಲ್ಲ. ಅವರ ಮುಂದಾಳುಗಳಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್ಗಾರ್ ದಳದಲ್ಲಿ ಪಳಗಿದವರು ಇದ್ದರು. ತಮ್ಮನ್ನು ಬೇರೆ ಬೇರೆ ಕಡೆ ಹಂಚಿ ಕಳುಹಿಸುವುದನ್ನು ವಿರೋಧಿಸಿ, ಎಲ್ಲರೂ ಒಂದೇ ಊರಿನಲ್ಲಿ ನೆಲೆಸಬೇಕೆಂದು ಸತ್ಯಾಗ್ರಹ ಹೂಡಿದರು. ನೆರೆಹೊರೆಯೂ ಒಂದು ಔಷಧವೆಂದು ಅವರು ತಿಳಿದಿದ್ದರು ಎನ್ನಬೇಕು. ಪ್ರಧಾನಿ ನೆಹರೂ ಅವರು ಕೊನೆಗೆ ಒಪ್ಪಿದರು. ೧೯೪೯ರಲ್ಲಿ ಡಾಕ್ಟರ್ ರಾಜೇಂದ್ರಪ್ರಸಾದರ ಅಧ್ಯಕ್ಷತೆಯಲ್ಲಿ ಫರೀದಾಬಾದ್ ಅಭಿವೃದ್ಧಿ ಮಂಡಲಿ ಏರ್ಪಟ್ಟಿತು. ಸುಧೀರ ಘೋಷರು ಅದರ ಆಡಳಿತ ವಹಿಸಿದರು. ಒಕ್ಕೂಟದ ಪರವಾಗಿ ಕಮಲಾದೇವಿಯವರೂ, ಅವರ ಕಿರಿಯ ಸಂಗಡಿಗ ಲಕ್ಷ್ಮೀಚಂದ ಜೈನರೂ ಕೆಲಸಕ್ಕೆ ನಿಂತರು.

ಊರು ಕಟ್ಟುವ ಕೆಲಸವನ್ನು ಗುತ್ತಿಗೆದಾರರಿಗೆ ಕೊಡಬೇಕೆಂಬುದು ಸರಕಾರಿ ಪದ್ಧತಿ. ನಿರಾಶ್ರಿತರೇ ತಮ್ಮ ಊರನ್ನು ಕಟ್ಟಲಿ, ಕೂಲಿಯೂ ಅವರಿಗೇ ಸಿಗಲಿ ಎಂಬುದು ಒಕ್ಕೂಟದ ಹಟ. ಅಂಗಡಿಯವರು ಇಟ್ಟಿಗೆ ಹೊರುತ್ತಾರೆಯೆ ಎಂದು ಅನೇಕರು ಸಂಶಯಪಟ್ಟರು. ನಿರಾಶ್ರಿತರಲ್ಲಿಯೂ ಇದು ತಮ್ಮ ಮರ್ಯಾದೆಗೆ ಕಡಿಮೆಯೆಂದು ಹಿಂಜರಿದವರಿದ್ದರು. ಕೊನೆಗೆ ದುಡಿಮೆಯ ಸಹಕಾರ ಸಂಘಗಳು ಏರ್ಪಟ್ಟವು. ಇಟ್ಟಿಗೆ, ಗಾರೆ, ರಸ್ತೆ, ಚರಂಡಿ ಎಲ್ಲವೂ ಅವರ ಕೈಯಿಂದಲೇ ಎದ್ದವು. ಪುಕ್ಕಟೆ ಪಡಿ ಕ್ರಮೇಣ ನಿಂತು, ಕೂಲಿ ಬಂದಿತು. ಕೆಲವೇ ವರ್ಷಗಳಲ್ಲಿ ಸುಮಾರು ೫೦೦೦ ಮನೆಗಳು ಎದ್ದು ನಿಂತವು. ಗುದ್ದಲಿ ಹಿಡಿಯದವನ ಅಂಗೈಯಲ್ಲಿ ಮೊದಲು ಬೊಕ್ಕೆ ಏಳುತ್ತವೆ, ಅವು ಒಡೆಯುತ್ತವೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ದಿನವಿಡೀ ದುಡಿದವನಿಗೆ ಹಸಿವಾಗುತ್ತದೆ, ರಾತ್ರಿ ನಿದ್ದೆ ಹತ್ತುತ್ತದೆ. ಎಲ್ಲವನ್ನೂ ಕಳೆದುಕೊಂಡವನಿಗೆ ನಿದ್ದೆಗಿಂತ ದೊಡ್ಡ ಮದ್ದು ಯಾವುದುಂಟು! ಅಂಗಸಾಧನೆಯೆಂದರೆ ಗರಡಿಯ ಸಾಮು, ಕಾಲೇಜಿನ ಡ್ರಿಲ್ಲು ಎಂದಷ್ಟೇ ನಾವು ತಿಳಿಯುತ್ತೇವೆ. ಫರೀದಾಬಾದಿನಲ್ಲಿ ಗೋಡೆ ಕಟ್ಟುವುದೇ ಅಂಗಸಾಧನೆಯಾಯಿತು.

ಆದರೆ ಈ ಮದ್ದು ಎಲ್ಲ ವಯಸ್ಸಿನವರಿಗೂ ಒಂದೇ ರೀತಿ ಹಿಡಿಯುವಂಥದಲ್ಲ. ಈ ವಿಷಯವನ್ನು ಫರೀದಾಬಾದಿನ ಬಗ್ಗೆ ಹೊಗಳಿ ಬರೆಯುವವರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ತರುಣರಿಗೆ ಗೋಡೆ ಕಟ್ಟುವ ಕೆಲಸವಿತ್ತು, ಯಂತ್ರದ ಕೆಲಸ ಕಲಿಯಲು ಕಾರ್ಯಾಗಾರವಿತ್ತು. ಮಕ್ಕಳಿಗೆ ಶಾಲೆಗಳಿದ್ದವು. ಗಾಂಧೀಜಿಯವರ ನಯೀ ತಾಲೀಮಿನ ಪದ್ಧತಿಯನ್ನು ಬಲ್ಲ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳು ಅಲ್ಲಿಗೆ ಬಂದು, ಕೈಕೆಲಸ, ತೋಟ, ಶುಚಿತ್ವ ಇವುಗಳ ಮೂಲಕವೇ ಅಕ್ಷರ ಕಲಿಸುವ ಏರ್ಪಾಡು ಮಾಡಿದರು. ಹೆಂಗಸರಿಗೆ ಹೊಲಿಗೆ, ನೇಯ್ಗೆಗಳ ದಾರಿ ತೆರೆಯಿತು. ಪರದೆಯ ಹಿಂದೆ ಬೆಳೆದವರು ಹೊರಗೆ ಬಂದು ನಾಲ್ಕು ಕಾಸು ಸಂಪಾದಿಸಿದರು. ಹಿಂದೆ ಬೆಳಗಾವಿಯಲ್ಲಿ ಸ್ವಯಂಸೇವಕಿಯರ ಬೆನ್ನು ನೇರಮಾಡಿಸಿದ ಕೈಗೆ ಇದೇನೂ ಹೊಸ ಕೆಲಸವಾಗಿರಲಿಲ್ಲ. ಅರುವತ್ತು ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರ ಪಾಡೇನು? ಅವರಿಂದ ಇಟ್ಟಿಗೆ ಹೊರಿಸಲಾಗದು, ಹೊಸ ಕಸುಬನ್ನು ಕಲಿಸಲೂ ಆಗದು. ಅವರ ಭಾಷೆ, ಅವರ ಬಾವಿ, ಅವರ ಗುಡ್ಡದ ಗಾಳಿ ಎಲ್ಲವೂ ಗಡಿಯ ಆಚೆ ಉಳಿದಿದ್ದವು. ಅವರಿಗೆ ದೊರೆತ ಸಮಾಧಾನವೆಂದರೆ ಊರಿನವರೆಲ್ಲ ಚದರಿ ಹೋಗದೆ ಒಂದೇ ಕಡೆ ಉಳಿದದ್ದು. ಸಂಜೆ ಕಟ್ಟೆಯ ಮೇಲೆ ಕೂತರೆ ತಮ್ಮ ಭಾಷೆಯಲ್ಲಿ ಮಾತನಾಡುವವರು ನಾಲ್ವರಾದರೂ ಸಿಗುತ್ತಿದ್ದರು. ಒಂದೇ ಊರು ಬೇಕೆಂಬ ಹಟಕ್ಕೆ ನಿಜವಾದ ಅರ್ಥ ಬಂದದ್ದು ಈ ವೃದ್ಧರ ಪಾಲಿಗೆ ಎಂದು ನನ್ನ ಅಭಿಪ್ರಾಯ.

ಊರಿಗೆ ಒಂದು ಆಸ್ಪತ್ರೆ ಬೇಕಾಗಿತ್ತು. ಜನರು ಶ್ರಮದಾನದಿಂದ ಅದನ್ನು ಕಟ್ಟಿ, ತಮ್ಮ ನಾಡಿನ ನಾಯಕರಾದ ಗಫಾರ್ ಖಾನರ ನೆನಪಿಗೆ ಬಾದಶಹಾ ಖಾನ್ ಆಸ್ಪತ್ರೆ ಎಂದು ಹೆಸರಿಟ್ಟರು. ೧೯೫೧ರಲ್ಲಿ ಅದು ತೆರೆಯಿತು. ಮತೀಯ ದ್ವೇಷದ ಬೆಂಕಿಯಿಂದ ಓಡಿಬಂದ ಹಿಂದೂ ಸಿಖ್ಖರು ತಮ್ಮ ಆರೋಗ್ಯಮಂದಿರಕ್ಕೆ ಪಠಾಣ ಮುಸಲ್ಮಾನರೊಬ್ಬರ ಹೆಸರಿಟ್ಟರು. ಇದನ್ನು ಓದಿದಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ಎಲ್ಲವೂ ಕೊನೆಯವರೆಗೆ ಚೆನ್ನಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಕೆಲವು ವರ್ಷಗಳಲ್ಲಿ ಮಂಡಲಿಯ ಕಾರ್ಯಭಾರ ಸರಕಾರಿ ಇಲಾಖೆಯ ಕೈಗೆ ಹೋಯಿತು. ಸಹಕಾರ ಸಂಘಗಳ ಮೊದಲಿನ ಹುರುಪು ಇಳಿಯಿತು. ಖಾಸಗಿ ಕಾರಖಾನೆಗಳು ಬಂದವು, ಫರೀದಾಬಾದು ಬೇರೆ ಊರುಗಳಂತೆಯೇ ಒಂದು ಕೈಗಾರಿಕಾ ಪಟ್ಟಣವಾಯಿತು. ನಿರಾಶ್ರಿತರ ಮಕ್ಕಳಿಗೆ ಅನ್ನಕ್ಕೆ ಕೊರತೆಯಾಗಲಿಲ್ಲ ನಿಜ. ಆದರೆ ತಾವೇ ಕಟ್ಟಿದ ಊರನ್ನು ತಾವೇ ನಡೆಸಬೇಕೆಂಬ ಮೂಲ ಉದ್ದೇಶ ಅರ್ಧಕ್ಕೆ ನಿಂತಿತು. ಇದನ್ನು ಕಮಲಾದೇವಿಯವರ ಸೋಲೆಂದು ಹೇಳಬೇಕೆ? ಕಟ್ಟಿದವರಿಂದ ಕೀಲಿಕೈ ಕಿತ್ತುಕೊಂಡ ವ್ಯವಸ್ಥೆಯ ಸೋಲೆನ್ನುವುದೇ ಹೆಚ್ಚು ಸರಿಯೆಂದು ನನಗೆ ತೋರುತ್ತದೆ.

ನಮ್ಮ ನಾಡಿನಲ್ಲಿಯೂ ಈ ಸಮಸ್ಯೆಯನ್ನು ಕಾಣಲು ದೂರ ಹೋಗಬೇಕಾಗಿಲ್ಲ. ೧೯೬೦ರಲ್ಲಿ ಬೈಲಕುಪ್ಪೆಯ ಕಾಡಿಗೆ ಬಂದ ಟಿಬೇಟಿಯನ್ನರು ಹಿಮದ ನಾಡಿನವರು. ಇಲ್ಲಿಯ ಬಿಸಿಲಿನಲ್ಲಿ ಮರ ಕಡಿದು, ನೆಲ ಹದಮಾಡಿ, ಮುಸುಕಿನ ಜೋಳ ಬೆಳೆಯಲು ಕಲಿತರು. ಕ್ಷಯರೋಗ ಅವರನ್ನು ಬಹುಕಾಲ ಕಾಡಿತು. ೧೯೬೬ರಿಂದ ಮುಂಡಗೋಡಿನಲ್ಲಿಯೂ ಅವರ ವಸತಿ ಬೆಳೆಯಿತು. ಕಾಡು ಕಡಿದ ಪೀಳಿಗೆ ಈಗ ಮುದಿಯಾಗಿ ಪ್ರಾರ್ಥನಾಚಕ್ರ ತಿರುಗಿಸುತ್ತ ಮಠದ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಮುದುಕರಿಗೆ ಅದೇ ಧರ್ಮ, ಅದೇ ನಡಿಗೆಯ ವ್ಯಾಯಾಮ. ಮೊಮ್ಮಕ್ಕಳು ಕಾಲ್ಚೆಂಡಾಡುತ್ತಾರೆ, ಓದುತ್ತಾರೆ, ಪರದೇಶಕ್ಕೆ ಹೊರಡುತ್ತಾರೆ. ಇನ್ನೂ ಹತ್ತಿರವೆಂದರೆ, ನಮ್ಮ ಸೈದಾಪುರದಿಂದ ರಾಯಚೂರಿಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿದರೆ ಸಿಕ್ಕುವ ಸಿಂಧನೂರು ತಾಲೂಕಿನಲ್ಲಿ ಪೂರ್ವ ಬಂಗಾಳದಿಂದ ಬಂದವರ ಕ್ಯಾಂಪುಗಳಿವೆ. ಮೀನು, ಅನ್ನ ಉಂಡು ಬೆಳೆದ ಹಿರಿಯರು ನಮ್ಮ ಜೋಳದ ಸೀಮೆಯಲ್ಲಿ ನೆಲೆ ಕಂಡರು. ಅಲ್ಲಿ ಹುಟ್ಟಿದ ಮಕ್ಕಳು ಈಗ ಕನ್ನಡವನ್ನು ನಮ್ಮಂತೆಯೇ ಆಡುತ್ತಾರೆ. ಅವರ ಅಜ್ಜಂದಿರ ಆರೋಗ್ಯ, ಅವರ ನಿದ್ದೆ, ಅವರ ಮನಸ್ಸಿನ ಸ್ಥಿತಿ ಇವನ್ನು ನಮ್ಮ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಹೋಗಿ ವಿಚಾರಿಸಿ ಬರೆದರೆ ಎಷ್ಟು ಉಪಯುಕ್ತವಾದೀತು!

ಫರೀದಾಬಾದಿನ ನಂತರ ಕಮಲಾದೇವಿಯವರು ಅಧಿಕಾರದ ಹುದ್ದೆಗಳತ್ತ ಮುಖಮಾಡಲಿಲ್ಲ. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾಗಿ, ಕುಂಬಾರ, ಬಡಗಿ, ನೇಕಾರ, ಕಂಚುಗಾರರನ್ನು ಅರಸಿ ಹಳ್ಳಿ ಹಳ್ಳಿ ತಿರುಗಿದರು. ಕೈಯಿಂದ ಕೆಲಸ ಮಾಡುವವನಿಗೆ ಮರ್ಯಾದೆ ಸಲ್ಲಬೇಕೆಂಬುದೇ ಇಲ್ಲಿಯೂ ಅವರ ಧ್ಯೇಯ. ನಿರಾಶ್ರಿತರ ಇಟ್ಟಿಗೆ ಗೂಡಿಗೂ, ಕುಶಲಕರ್ಮಿಯ ಮಗ್ಗಕ್ಕೂ ಇರುವ ಸಂಬಂಧವನ್ನು ಬಹಳ ಜನ ಕಾಣದೆ, ಅವರ ಬಾಳನ್ನು ಎರಡು ತುಂಡುಮಾಡಿ ಹೇಳುತ್ತಾರೆ. ೧೯೫೫ರಲ್ಲಿ ಪದ್ಮಭೂಷಣ, ೧೯೬೬ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, ೧೯೮೭ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. ಎಂಬತ್ತು ದಾಟಿದ ಮೇಲೂ ಅವರ ಪ್ರವಾಸ, ಬರವಣಿಗೆ ನಿಲ್ಲಲಿಲ್ಲ. ೧೯೮೮ರ ಅಕ್ಟೋಬರ್ ೨೯ರಂದು, ತಮ್ಮ ೮೫ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು.

ಫರೀದಾಬಾದಿನ ಆ ಆಸ್ಪತ್ರೆಯಲ್ಲಿ ನಿರಾಶ್ರಿತರ ಮಕ್ಕಳೂ ಮೊಮ್ಮಕ್ಕಳೂ ಔಷಧ ಪಡೆಯುತ್ತ ಬಂದರು. ೨೦೨೦ರ ಡಿಸೆಂಬರಿನಲ್ಲಿ ಅದಕ್ಕೆ ಮಾಜಿ ಪ್ರಧಾನಿ ವಾಜಪೇಯಿಯವರ ಹೆಸರಿಡಬೇಕೆಂದು ಸರಕಾರ ಆಜ್ಞೆ ಹೊರಡಿಸಿತು. ಗಡಿನಾಡಿನಿಂದ ಬಂದ ಹಿರಿಯರು ಅದಕ್ಕೆ ಆಕ್ಷೇಪವೆತ್ತಿದರು. ಆ ಗೋಡೆಗಳಿಗೆ ಇಟ್ಟಿಗೆ ಹೊತ್ತವರ ಪೀಳಿಗೆ ಅದು.